ಲೋಟ ಯಾರು ತೊಳೀತಾರೆ?

"ಈ ಸಲ ಗೌರಿ-ಗಣೇಶ ಹಬ್ಬಕ್ಕೆ ಮನೆಯೊಳಗೆ ಒಂದು ಚೂರು ಪ್ಲಾಸ್ಟಿಕ್ ಬರಬಾರದು" ಅಂತ ನಾನು ಘೋಷಿಸಿದ್ದು ಶ್ರಾವಣದ ಒಂದು ಭಾನುವಾರ, ಕಾಫಿ ಕುಡಿಯುತ್ತಾ. ಅಮ್ಮ ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ತಲೆ ಎತ್ತಲಿಲ್ಲ. ಹೆಂಡತಿ ಮಾತ್ರ ಕೇಳಿದಳು, "ಸರಿ ರೀ. ಲೋಟ ಯಾರು ತೊಳೀತಾರೆ?"

ಆವತ್ತು ಅದು ನನಗೆ ಪ್ರಶ್ನೆ ಅಂತಲೇ ಅನ್ನಿಸಲಿಲ್ಲ.

ನಮ್ಮ ಮನೆ ಕೋಲಾರದ ಕೋಟೆ ಕಡೆ. ಮಹಡಿ ಹತ್ತಿದರೆ ಅಂತರಗಂಗೆ ಬೆಟ್ಟ ಕಾಣುತ್ತದೆ. ಅಪ್ಪ ಹೋದ ಮೇಲೂ ಗಣೇಶನ ಹಬ್ಬದ ಊಟ ನಮ್ಮಲ್ಲೇ. ಅತ್ತಿಗೆ, ಭಾವ, ಚಿಕ್ಕಪ್ಪನ ಮಕ್ಕಳು, ಪಕ್ಕದ ಮನೆಯವರು ಎಲ್ಲ ಸೇರಿ ನಲವತ್ತು ಜನಕ್ಕೆ ಕಮ್ಮಿ ಇಲ್ಲ. ಪ್ರತಿ ವರ್ಷ ಹಬ್ಬದ ಮಾರನೇ ದಿನ ಗೇಟಿನ ಹೊರಗೆ ಎರಡು ಮೂಟೆ ಕಸ. ಬಳಸಿ ಬಿಸಾಡಿದ ಲೋಟ, ಹೊಳೆಯುವ ಪೇಪರ್ ತಟ್ಟೆ, ಬಾಟಲಿ, ಕವರು. ಸಜ್ಜೆ ಮೇಲೆ ಒಂದು ಥರ್ಮಾಕೋಲ್ ಮಂಟಪ ಬೇರೆ. ಮುಟ್ಟಿದರೆ ಬಿಳಿ ಕಾಳು ಉದುರಿ ಮನೆಯೆಲ್ಲಾ ಹಾರಾಡುತ್ತಿತ್ತು.

ಕಾನೂನು ಏನೋ ಇದೆ. ನಮ್ಮ ರಾಜ್ಯದಲ್ಲಿ 2016ರಲ್ಲೇ ಪ್ಲಾಸ್ಟಿಕ್ ಕವರ್, ತಟ್ಟೆ, ಲೋಟ ನಿಷೇಧ ಆಗಿದೆ. 2022ರ ಜುಲೈ 1ರಿಂದ ಇಡೀ ದೇಶದಲ್ಲೇ ಪ್ಲಾಸ್ಟಿಕ್ ಲೋಟ, ತಟ್ಟೆ, ಚಮಚ, ಅಲಂಕಾರದ ಥರ್ಮಾಕೋಲ್ ಮಾರುವ ಹಾಗಿಲ್ಲ. ಆದರೂ ಹಬ್ಬದ ಹಿಂದಿನ ವಾರ ಡೂಂಲೈಟ್ ಸರ್ಕಲ್ ಕಡೆ ಒಂದು ಸುತ್ತು ಹೋಗಿ ಬನ್ನಿ, ಗೊತ್ತಾಗುತ್ತದೆ.

ನಾನೂ ಹೋದೆ, ಬಟ್ಟೆ ಚೀಲ ಹಿಡಿದುಕೊಂಡು, ಸ್ವಲ್ಪ ಗತ್ತಿನಿಂದಲೇ. ಅದು ಬಟ್ಟೆ ಚೀಲ ಅಲ್ಲ ಅಂತ ಹೇಳಿದ್ದು ಮಗಳು. ಅಂಗಡಿಯಲ್ಲಿ ಸೀರೆ ಹಾಕಿ ಕೊಡುತ್ತಾರಲ್ಲ, ಬಟ್ಟೆಯ ಹಾಗೇ ಕಾಣುವ ಬಣ್ಣದ ಚೀಲ, ಅದು. ಶಾಲೆಯಲ್ಲಿ ಹೇಳಿಕೊಟ್ಟಿದ್ದರಂತೆ. ಅಂಚಿನ ಒಂದು ಚೂರು ಕತ್ತರಿಸಿ ದೀಪಕ್ಕೆ ಹಿಡಿದಳು. ಹತ್ತಿಯಾಗಿದ್ದರೆ ಬೂದಿ ಆಗಬೇಕಿತ್ತು. ಇದು ಮುದುಡಿ, ಕರಗಿ, ಗಟ್ಟಿ ಮಣಿಯಾಯಿತು. ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್ಕೇ. ಗತ್ತು ಅಲ್ಲಿಗೆ ಇಳಿಯಿತು. ಅಮ್ಮ ಹಳೇ ಪಂಚೆ ಹರಿದು ಎರಡು ಚೀಲ ಹೊಲಿದು ಕೊಟ್ಟಳು.

ಬಾಗಿನದ ಕಥೆ ಇನ್ನೂ ದೊಡ್ಡದು. ಈಗ ಗೌರಿ ಬಾಗಿನ ರೆಡಿಮೇಡ್ ಸಿಗುತ್ತದೆ. ಅಕ್ಕಿ, ತೊಗರಿಬೇಳೆ, ಕಡಲೆಬೇಳೆ, ಹೆಸರುಬೇಳೆ, ರವೆ, ಬೆಲ್ಲ, ಉಪ್ಪು ಒಂದೊಂದೂ ಒಂದೊಂದು ಪುಟ್ಟ ಪ್ಲಾಸ್ಟಿಕ್ ಪೊಟ್ಟಣದಲ್ಲಿ. ಬಳೆ-ಬಿಚ್ಚೋಲೆ ಇನ್ನೊಂದರಲ್ಲಿ. ಎಲ್ಲಾ ಸೇರಿಸಿ ಮೇಲೊಂದು ದೊಡ್ಡ ಕವರು. ಮೊರ ಕೂಡ ಪ್ಲಾಸ್ಟಿಕ್ಕಿನದು ಬಂದಿದೆ, ಹಳದಿ ಬಣ್ಣದ್ದು, ಅರಿಶಿನ ಹಚ್ಚುವ ಕೆಲಸವೂ ಇಲ್ಲ. ಮೇದರ ಹೆಂಗಸೊಬ್ಬಳು ರಸ್ತೆ ಬದಿಯಲ್ಲಿ ಬಿದಿರಿನ ಮೊರ ಇಟ್ಟುಕೊಂಡು ಕೂತಿದ್ದಳು. ಐದು ಜೊತೆ ತಗೊಂಡೆ. "ಇಷ್ಟು ಜೊತೆ ಒಬ್ಬರೇ ತಗೊಳ್ಳೋದು ಕಮ್ಮಿ ಆಗಿದೆ ಸ್ವಾಮಿ" ಅಂದಳು. ಚೌಕಾಸಿ ಮಾಡಲು ಬಾಯಿ ಬರಲಿಲ್ಲ.

ಬೇಳೆಗಳನ್ನು ಬಿಡಿಯಾಗಿ ತಂದೆ. ಪೊಟ್ಟಣ ಕಟ್ಟಬೇಕಲ್ಲ? ರಾತ್ರಿ ಅಮ್ಮ, ಹೆಂಡತಿ, ಮಗಳು ಕೂತು ಕಾಗದದಲ್ಲಿ ಕಟ್ಟಿದರು. ನಾನು ಮೊದಲ ನಾಲ್ಕು ಕಟ್ಟಿದೆ, ಅವು ಬಿಚ್ಚಿಕೊಂಡವು. "ನೀನು ಹೋಗಿ ಮಲಗಪ್ಪ" ಅಂದಳು ಅಮ್ಮ. ಮಲಗಿದೆ. ಅವರು ಮುಗಿಸಿದಾಗ ಹನ್ನೊಂದೂವರೆ ಆಗಿತ್ತಂತೆ. ಬಾಗಿನದ ಕನ್ನಡಿ-ಬಾಚಣಿಗೆ ಮಾತ್ರ ಪ್ಲಾಸ್ಟಿಕ್ಕಿನದೇ. ಬೇರೆ ಸಿಗಲಿಲ್ಲ. ಕಂಡರೂ ಕಾಣದ ಹಾಗೆ ಇದ್ದುಬಿಟ್ಟೆ.

ಮುಖ್ಯವಾದದ್ದು ಗಣಪ. ಪಿಒಪಿ ಬೇಡ ಅನ್ನೋದರಲ್ಲಿ ಮನೆಯಲ್ಲಿ ಯಾರದೂ ತಕರಾರಿರಲಿಲ್ಲ. ಪ್ಲಾಸ್ಟರ್ ಆಫ್ ಪ್ಯಾರಿಸ್ ಅಂದರೆ ಜಿಪ್ಸಂ ಕಲ್ಲನ್ನು ಕಾಯಿಸಿ ಮಾಡಿದ ಪುಡಿ. ನೀರು ಬಿದ್ದರೆ ಗಟ್ಟಿಯಾಗುವುದೇ ಅದರ ಗುಣ, ಕೆರೆಯಲ್ಲಿ ಮಣ್ಣಿನ ಹಾಗೆ ಕರಗು ಅಂದರೆ ಎಲ್ಲಿಂದ ಕರಗೀತು? 2020ರ ಮಾರ್ಗಸೂಚಿಯಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೂ ಪಿಒಪಿ ಮೂರ್ತಿ ಬೇಡ ಅಂದಿದೆ. ಆದರೆ ನಾನು ಒಂದು ಹೆಜ್ಜೆ ಮುಂದೆ ಹೋದೆ. ಕೊಳ್ಳುವುದೇ ಬೇಡ, ಕೆರೆ ಮಣ್ಣು ತಂದು ನಾವೇ ಮಾಡೋಣ ಅಂದೆ.

"ಯಾವ ಕೆರೆ?" ಅಂದಳು ಅಮ್ಮ.

ಪ್ರಶ್ನೆ ಸುಮ್ನೆ ಬಂದದ್ದಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬಿಡುತ್ತಿದ್ದಾರೆ. ಮೊದಲು ನೀರು ಬಂದದ್ದು ಲಕ್ಷ್ಮೀಸಾಗರ ಕೆರೆಗೆ. ಹುಡುಗರು ಕ್ರಿಕೆಟ್ ಆಡುತ್ತಿದ್ದ ಕೆರೆಗಳಲ್ಲಿ ಈಗ ನೀರು ನಿಂತಿದೆ. ಸಾವಿರ ಅಡಿ ಕೊರೆದರೂ ಬರೀ ಧೂಳು ಬರುತ್ತಿದ್ದ ಕಡೆ ಬೋರ್‌ವೆಲ್ ಮತ್ತೆ ಜೀವ ಹಿಡಿದಿವೆ ಅಂತ ಎಷ್ಟೋ ರೈತರಿಗೆ ಖುಷಿ. ಮೂರನೇ ಹಂತದ ಶುದ್ಧೀಕರಣವೂ ಆಗಲೇಬೇಕು ಅಂತ ಹೋರಾಡುವವರೂ ಇದ್ದಾರೆ. ಎರಡೂ ಕಡೆಯವರ ಮಾತೂ ನನಗೆ ಸರಿ ಅನ್ನಿಸುತ್ತದೆ. ಅಮ್ಮನಿಗೆ ಅಷ್ಟೆಲ್ಲಾ ಗೊಂದಲ ಇಲ್ಲ.

"ಬೆಂಗಳೂರಿನೋರು ಕಾಲು ತೊಳೆದ ನೀರು ನಿಂತಿರೋ ಮಣ್ಣಲ್ಲಿ ಗಣಪನ್ನ ಮಾಡ್ತೀಯಾ?"

ಬರೀ ಕಾಲು ತೊಳೆದದ್ದಾಗಿದ್ದರೆ ಪರವಾಗಿರಲಿಲ್ಲ ಅಮ್ಮ ಅಂತ ಹೇಳಲು ಹೋಗಲಿಲ್ಲ. ಶ್ರೀನಿವಾಸಪುರದ ಹತ್ತಿರ ಭಾವನ ಮಾವಿನ ತೋಟವಿದೆ. ಅಲ್ಲಿಂದ ಒಂದು ಚೀಲ ಹುತ್ತದ ಮಣ್ಣು ತಂದೆವು, ಜೊತೆಗೆ ತೋರಣಕ್ಕೆ ಮಾವಿನ ಸೊಪ್ಪು. ಶ್ರೀನಿವಾಸಪುರ ಅಂದರೆ ಮಾವಿನ ತವರು. ಆ ರಸ್ತೆಯುದ್ದಕ್ಕೂ ಮನೆ ಬಾಗಿಲುಗಳಲ್ಲಿ ನೇತಾಡುತ್ತಿದ್ದದ್ದು ಪ್ಲಾಸ್ಟಿಕ್ ಮಾವಿನೆಲೆ. ನಮ್ಮ ಬಾಗಿಲಿನದೂ ಅಂಥದ್ದೇ, ನಾಲ್ಕು ವರ್ಷದ್ದು, ಬಿಸಿಲಿಗೆ ಬೆಳ್ಳಗಾಗಿತ್ತು.

ಮಣ್ಣನ್ನು ಜರಡಿ ಹಿಡಿದು, ಎರಡು ದಿನ ನೆನೆಸಿ, ಬಿರುಕು ಬಿಡದಿರಲಿ ಅಂತ ಹತ್ತಿ ಚೂರು ಸೇರಿಸಿ ನಾದಿದೆ. ಇದು ನಿಜವಾಗಿ ನಾನೇ ಮಾಡಿದ ಕೆಲಸ. ಒಂದು ಅಡಿ ಎತ್ತರದ ಗಣಪ. ಹೊಟ್ಟೆ ಚೆನ್ನಾಗಿ ಬಂತು. ಕಿವಿ ಒಂದು ದೊಡ್ಡದು, ಒಂದು ಚಿಕ್ಕದು. ನೆರಳಲ್ಲಿ ನಿಧಾನಕ್ಕೆ ಒಣಗಬೇಕು ಅಂತ ಅಮ್ಮ ಹೇಳಿದ್ದಳು. ಮೋಡ ಕಟ್ಟಿತ್ತು, ಹಬ್ಬ ಹತ್ತಿರ ಬಂದಿತ್ತು. ನಡುವೆ ಒಂದು ದಿನ ಬಿಸಿಲು ಬಿದ್ದಾಗ ಮಹಡಿ ಮೇಲೆ ಇಟ್ಟುಬಿಟ್ಟೆ.

ಗೌರಿ ಹಬ್ಬದ ರಾತ್ರಿ ಮಂಟಪದಲ್ಲಿ ಕೂರಿಸಲು ಎತ್ತಿದರೆ ಸೊಂಡಿಲು ಕೈಗೆ ಬಂತು.

ರಾತ್ರಿ ಹತ್ತೂವರೆ. ಎಲ್ಲರೂ ಮಲಗಿದ್ದರು. ಹಸಿ ಮಣ್ಣು ಮೆತ್ತಿ ಅಂಟಿಸಿದೆ, ಬಿತ್ತು. ಪೊರಕೆ ಕಡ್ಡಿ ಚುಚ್ಚಿದೆ, ಇನ್ನೊಂದು ಬಿರುಕು ಬಂತು. ಬೆಳಗ್ಗೆ ಅಮ್ಮನನ್ನು ಕೇಳಿದ್ದರೆ ಸೆಗಣಿ ಬೆನಕನಿಗೆ ಗರಿಕೆ ಸಿಕ್ಕಿಸಿ ಇಡು, ಅದೂ ಗಣಪನೇ ಅಂದಿರುತ್ತಿದ್ದಳು. ಅದು ಆಗ ಹೊಳೆಯಲಿಲ್ಲ. ಹೊಳೆದದ್ದು ಸ್ನಾನದ ಮನೆಯ ಪೈಪು ಸೋರಿದಾಗ ತಂದಿದ್ದ ಅಂಟು. ಎರಡು ಬಣ್ಣದ ಮುದ್ದೆ ಕಲಸಿ ಮೆತ್ತಿದರೆ ಕಲ್ಲಿನ ಹಾಗೆ ಕೂರುತ್ತದಲ್ಲ, ಅದು. ನಿಂಬೆ ಗಾತ್ರದಷ್ಟು ಕಲಸಿ ಸೊಂಡಿಲು ಕೂರಿಸಿದೆ. ಮೇಲೆ ಮಣ್ಣು ಸವರಿದೆ. ಗುರುತೇ ಸಿಗಲಿಲ್ಲ. ಯಾರಿಗೂ ಹೇಳಲಿಲ್ಲ.

ಹಬ್ಬದ ದಿನ ಬಾಳೆ ಕಂದು, ಮಾವಿನ ಸೊಪ್ಪು, ಕಬ್ಬು ಕಟ್ಟಿದ ಮಂಟಪ ನೋಡಿ ಬಂದವರೆಲ್ಲಾ ಹೊಗಳಿದರು. ಮಗಳು ಒಬ್ಬೊಬ್ಬರಿಗೂ ನಿಂತು ವಿವರಿಸಿದಳು, "ಹುತ್ತದ ಮಣ್ಣು ಆಂಟಿ, ಪೂರ್ತಿ ಕರಗತ್ತೆ, ನಮ್ಮಪ್ಪನೇ ಮಾಡಿದ್ದು." ನಾನು ಪಂಚೆ ಸರಿಮಾಡಿಕೊಂಡೆ.

ಊಟ ಮುತ್ತುಗದ ಎಲೆಯಲ್ಲಿ. ಇದರಲ್ಲೂ ಒಮ್ಮೆ ಏಮಾರಿದ್ದೆ. ಮೊದಲು ತಂದ ಕಟ್ಟು ಮಿಷನ್ನಿನಲ್ಲಿ ಒತ್ತಿದ ತಟ್ಟೆಗಳದು. ತಿರುಗಿಸಿ ನೋಡಿದರೆ ಎಲೆಯ ಕೆಳಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರು. ವಾಪಸ್ ಕೊಟ್ಟು ಕಡ್ಡಿಯಲ್ಲಿ ಹೊಲಿದ ಎಲೆ ತಂದೆ. ಅದಕ್ಕೆ ನೀರು ಚಿಮುಕಿಸಿ ಮೆತ್ತಗೆ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಒಡೆಯುತ್ತದೆ. ಅನ್ನದಲ್ಲಿ ಕಟ್ಟೆ ಕಟ್ಟಿ ನಡುವೆ ಒಬ್ಬಟ್ಟಿನ ಸಾರು ಬಿಡಬೇಕು. ಹುಡುಗರಿಗೆ ಆ ವಿದ್ಯೆ ಗೊತ್ತಿಲ್ಲ, ಸಾರು ಚಾಪೆಗೆ ಹರಿಯಿತು. ಆದರೆ ಎಲೆಗೆ ತೊಳೆಯುವ ಕೆಲಸವಿಲ್ಲ. ನೀರಿಲ್ಲದ ಊರಿನವರು ಹಿಂದೆ ಎಲೆಯಲ್ಲೇ ಯಾಕೆ ಉಣ್ಣುತ್ತಿದ್ದರು ಅಂತ ಆವತ್ತು ಅರ್ಥ ಆಯಿತು.

ಲೋಟಕ್ಕೆ ಮಾತ್ರ ಎಲೆ ಇಲ್ಲ. ಪೇಪರ್ ಲೋಟ ತರೋಣ ಅಂದರೆ ಅದರ ಒಳಗೂ ತೆಳ್ಳನೆಯ ಪ್ಲಾಸ್ಟಿಕ್ ಪದರ ಇರುತ್ತದೆ. ಬೆಂಗಳೂರಿನಲ್ಲಿ ಸ್ಟೀಲ್ ತಟ್ಟೆ-ಲೋಟ ಎರವಲು ಕೊಡುವ ತಟ್ಟೆ ಬ್ಯಾಂಕುಗಳಿವೆ. ನಮ್ಮ ಬೀದಿಯಲ್ಲಿ ಪಕ್ಕದ ಮನೆಯೇ ಬ್ಯಾಂಕು. ಅಲ್ಲಿ ಇಲ್ಲಿ ಸೇರಿಸಿ ಐವತ್ತು ಸ್ಟೀಲ್ ಲೋಟ ಆದವು. ನೀರಿಗೊಂದು, ಪಾಯಸಕ್ಕೊಂದು, ಮಜ್ಜಿಗೆಗೊಂದು. ತೊಳೆದು ತೊಳೆದು ಮತ್ತೆ ಕೊಡಬೇಕು. ಪ್ಲಾಸ್ಟಿಕ್ ಲೋಟ ಇದ್ದಾಗ ಒಮ್ಮೆ ಕುಡಿದು ಕಿಟಕಿಯಲ್ಲಿಟ್ಟು ಮರೆಯುತ್ತಿದ್ದರು. ಸ್ಟೀಲ್ ಲೋಟವನ್ನೂ ಹಾಗೇ ಮಾಡಿದರು.

ಊಟ ಮುಗಿದು ಗಂಡಸರೆಲ್ಲಾ ಹಜಾರದಲ್ಲಿ ಎಲೆ-ಅಡಿಕೆ ಹಾಕಿಕೊಂಡು ಕೂತೆವು. ನಾನು ಪ್ಲಾಸ್ಟಿಕ್ ಬಗ್ಗೆ ಮಾತಾಡುತ್ತಿದ್ದೆ. ಚೆನ್ನಾಗಿಯೇ ಮಾತಾಡುತ್ತಿದ್ದೆ. ಹಿತ್ತಲಿನಿಂದ ಟಣ್ ಟಣ್ ಅಂತ ಶಬ್ದ ಬರುತ್ತಲೇ ಇತ್ತು. ಮಗಳು ಬಂದು ಕಿವಿಯಲ್ಲಿ ಹೇಳಿದಳು, "ಅಪ್ಪ, ಅಮ್ಮ ಕರೀತಿದ್ದಾಳೆ. ಲೋಟ ಯಾರು ತೊಳೀತಾರೆ ಅಂತ ಕೇಳು ಅಂದ್ಲು."

ಹಿತ್ತಲಿಗೆ ಹೋದೆ. ಬೆಳಗಿನ ಐದಕ್ಕೆ ಎದ್ದವಳು ಕಲ್ಲಿನ ಮೇಲೆ ಕೂತಿದ್ದಳು, ಸೀರೆ ಮೊಣಕಾಲವರೆಗೆ ಒದ್ದೆ. ಅತ್ತಿಗೆ ಸೊಂಟ ಹಿಡಿದುಕೊಂಡು ನಿಂತಿದ್ದಳು. ಇಬ್ಬರೂ ಏನೂ ಅನ್ನಲಿಲ್ಲ. ಅಂದಿದ್ದರೆ ವಾಸಿ ಇತ್ತು. ಪ್ಲಾಸ್ಟಿಕ್ ಲೋಟ ನಮ್ಮ ಮನೆಗೆ ಬಂದದ್ದು ಯಾರ ಬೆನ್ನು ಉಳಿಸುವುದಕ್ಕೆ ಅಂತ ನಾನು ಒಂದು ದಿನವೂ ಯೋಚಿಸಿರಲಿಲ್ಲ. ಅದನ್ನು ಬೇಡ ಅಂದಾಗ ಆ ಕೆಲಸ ಯಾರ ಬೆನ್ನಿಗೆ ವಾಪಸ್ ಹೋಗುತ್ತದೆ ಅಂತಲೂ. ಭಾವನನ್ನೂ ಚಿಕ್ಕಪ್ಪನ ಮಗನನ್ನೂ ಕರೆದೆ. ಭಾವ ಬಂದರು. ಚಿಕ್ಕಪ್ಪನ ಮಗನಿಗೆ ಅಷ್ಟರಲ್ಲಿ ಫೋನು ಬಂತು.

ನಲ್ಲಿ ಪೂರ್ತಿ ತಿರುಗಿಸಿ ಶುರು ಮಾಡಿದೆ. ಅಮ್ಮ ಓಡಿ ಬಂದು ಬಂದ್ ಮಾಡಿದಳು. "ಇದೇನು ತಲಕಾವೇರಿನಾ?" ನಮ್ಮ ಬೀದಿಗೆ ನೀರು ಬಿಡುವುದು ವಾರಕ್ಕೊಮ್ಮೆ. ಸಂಪು ಆಗಲೇ ಅರ್ಧಕ್ಕಿಂತ ಕೆಳಗಿತ್ತು. ಮೂರು ಟಬ್ಬು ಸಾಲಾಗಿ ಇಡಿಸಿದಳು. ಮೊದಲನೆಯದರಲ್ಲಿ ಎಂಜಲು ಹೋಗಬೇಕು. ಆಮೇಲೆ ಬೂದಿಗೆ ಅಂಟುವಾಳದ ಪುಡಿ ಸೇರಿಸಿ ತೆಂಗಿನ ನಾರಿನಲ್ಲಿ ಉಜ್ಜಬೇಕು. ಎರಡನೆಯದರಲ್ಲಿ ಅದ್ದಬೇಕು, ಮೂರನೆಯದರಲ್ಲಿ ಜಾಲಿಸಬೇಕು. ಎರಡನೆಯದು ಕೊಳೆಯಾದರೆ ಅದು ಮೊದಲನೆಯದಾಗುತ್ತದೆ. ಕೊನೆಗೆ ಆ ನೀರೆಲ್ಲಾ ಬಾಳೆ ಗಿಡಕ್ಕೆ. ಐವತ್ತು ಲೋಟ, ಏಳು ಬಿಂದಿಗೆ ನೀರು. ನಲ್ಲಿ ಕೆಳಗೆ ನಾನು ಮೊದಲ ಎಂಟು ಲೋಟ ತೊಳೆಯುವಷ್ಟರಲ್ಲೇ ಎರಡು ಬಿಂದಿಗೆ ಆಗಿತ್ತು. ಭಾವ ಲೋಟ ಒರೆಸುತ್ತಾ, "ಮುಂದಿನ ವರ್ಷ ನಮ್ಮ ಮನೇಲಿ ಹಬ್ಬ ಬೇಡ ಕಣಯ್ಯ" ಅಂದರು.

ಆ ವರ್ಷ ಕಸ ಒಂದು ಸಣ್ಣ ಬುಟ್ಟಿಯಷ್ಟೇ. ಎಲೆ, ಬಾಳೆ ಕಂದು, ಹೂವು ಹಿತ್ತಲಿನ ಗುಂಡಿಗೆ ಹೋದವು. ಮೇಲೆ ಸೆಗಣಿ ನೀರು, ಹುಳಿ ಮಜ್ಜಿಗೆ. ಥರ್ಮಾಕೋಲ್ ಮಂಟಪ ಇನ್ನೂ ಸಜ್ಜೆ ಮೇಲೇ ಇದೆ. ಬಿಸಾಡಿದರೆ ಕಸ, ಇಟ್ಟುಕೊಂಡರೆ ಜಾಗ ಹಾಳು. ಏನು ಮಾಡಬೇಕೋ ತಿಳಿಯದು.

ಮೂರನೇ ದಿನ ಸಂಜೆ ಹಿತ್ತಲಿನಲ್ಲಿ ಹಿತ್ತಾಳೆ ಹಂಡೆಯಲ್ಲಿ ವಿಸರ್ಜನೆ ಮಾಡಿದೆವು. ಗಣಪ ಬುಳುಬುಳು ಅಂತ ಗುಳ್ಳೆ ಬಿಟ್ಟು ಕೂತ. ಮಗಳು ಕೈ ಮುಗಿದು ನಿಂತಿದ್ದಳು. ನಾನು ಹಂಡೆ ಕಡೆ ಜಾಸ್ತಿ ಹೊತ್ತು ನೋಡಲಿಲ್ಲ. ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು ತೆಗೆದುಬಿಡಬೇಕು ಅಂತ ಲೆಕ್ಕ ಹಾಕಿದ್ದೆ. ಆರೂವರೆಗೆ ಎಚ್ಚರ ಆಯಿತು. ಹೆಂಡತಿ ಆಗಲೇ ಹಂಡೆಯ ನೀರನ್ನು ದಾಸವಾಳದ ಬುಡಕ್ಕೆ ಹಾಕುತ್ತಿದ್ದಳು.

"ರೀ, ಇಲ್ಲಿ ಬನ್ನಿ."

ಕೈಯಲ್ಲಿ ನಿಂಬೆ ಗಾತ್ರದ ಬೂದು ಬಣ್ಣದ ಮುದ್ದೆ. ಕಲ್ಲಿನ ಹಾಗಿತ್ತು. ಅದರಲ್ಲಿ ನನ್ನ ಹೆಬ್ಬೆಟ್ಟಿನ ಗುರುತು ಸ್ಪಷ್ಟವಾಗಿ ಮೂಡಿತ್ತು. ಅವಳು ಒಮ್ಮೆ ಅದನ್ನು ನೋಡಿದಳು, ಒಮ್ಮೆ ನನ್ನನ್ನು. ಬೈಯಲಿಲ್ಲ. ಮಗಳಿಗೂ ಹೇಳಲಿಲ್ಲ. ತೊಳೆದು ಅಡುಗೆಮನೆ ಕಿಟಕಿಯಲ್ಲಿ, ಉಪ್ಪಿನ ಡಬ್ಬಿ ಪಕ್ಕ ಇಟ್ಟಳು.

ದೀಪಾವಳಿ ಹತ್ತಿರ ಬಂದಾಗ ಒಂದು ಭಾನುವಾರ ಕಾಫಿ ಕುಡಿಯುತ್ತಾ, "ಈ ಸಲ ಪಟಾಕಿ..." ಅಂತ ಶುರು ಮಾಡಿದೆ. ಅವಳು ಕಿಟಕಿ ಕಡೆ ನೋಡಿದಳು. ನಾನು ಎದ್ದು ಕಾಫಿ ಲೋಟ ತೊಳೆಯಲು ಹೋದೆ.