ಕಳೆ ಕೀಳುವುದಲ್ಲ, ಮುಚ್ಚುವುದು

ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ತೋಟ ನೋಡಿಕೊಳ್ಳುವುದು ನನ್ನ ಕೆಲಸ. ಮಕ್ಕಳು, ನಾಯಿಗಳು ಓಡಾಡುವ ಜಾಗ, ಹಾಗಾಗಿ ಕಳೆನಾಶಕ ಹೊಡೆಯುವ ಮಾತೇ ಇಲ್ಲ. ಆಳು ಹಚ್ಚಿ ಕೀಳಿಸಿದರೆ ಮಳೆಗಾಲದಲ್ಲಿ ನೋಡನೋಡುತ್ತಲೇ ಮತ್ತೆ ಹಸಿರು. ಕಿತ್ತಾಗ ಮಣ್ಣು ಮೇಲೆ ಕೆಳಗಾಗಿ, ಒಳಗೆ ಸುಮ್ನೆ ಮಲಗಿದ್ದ ಬೀಜಗಳಿಗೂ ಬೆಳಕು ಸಿಗುತ್ತದೆ ಅಲ್ವಾ. ಅದಕ್ಕೇ ಈಗ ನಾವು ಕೀಳುವುದು ಕಮ್ಮಿ, ರಟ್ಟು, ತರಗೆಲೆ ಹಾಸಿ ಮುಚ್ಚುವುದು ಜಾಸ್ತಿ.

ಸಾಮಾನಿಗೇನೂ ಕೊರತೆಯಿಲ್ಲ. ಆನ್‌ಲೈನ್ ಆರ್ಡರುಗಳ ರಟ್ಟಿನ ಡಬ್ಬಿಗಳು ಬೇಸ್‌ಮೆಂಟಿನಲ್ಲಿ ರಾಶಿ ಬಿದ್ದಿರುತ್ತವೆ. ಮಿರಮಿರ ಮಿಂಚುವ ರಟ್ಟು ಬೇಡ, ಕಂದು ಬಣ್ಣದ್ದು ಸಾಕು. ಟೇಪು, ಸ್ಟಿಕ್ಕರು, ಪಿನ್ನು ಎಲ್ಲ ಮೊದಲೇ ಕಿತ್ತುಬಿಡಬೇಕು. ರಟ್ಟು ಮಣ್ಣಾದರೂ ಟೇಪು ಹಾಗೇ ಉಳಿಯುತ್ತದೆ, ಆಮೇಲೆ ಒಂದೊಂದೇ ಎಳೆ ಆರಿಸುವುದು ದೊಡ್ಡ ಗೋಳು.

ಕಳೆಯನ್ನು ಕುಡುಗೋಲಿನಲ್ಲಿ ನೆಲಮಟ್ಟಕ್ಕೆ ಕೊಯ್ದು ಅಲ್ಲೇ ಬಿಡುತ್ತೇವೆ. ಹೂ ಬಿಟ್ಟ ಕಾಂಗ್ರೆಸ್ ಗಿಡವನ್ನು ಮಾತ್ರ ಗ್ಲೌಸ್ ಹಾಕಿಕೊಂಡು ಬೇರು ಸಮೇತ ಕಿತ್ತು ಹೊರಗೆ ಸಾಗಿಸುತ್ತೇವೆ. ನೆಲ ನೆನೆಸಿ, ರಟ್ಟು ಹಾಸಿ, ಮೇಲೆ ಮತ್ತೆ ನೀರು. ಒಣ ರಟ್ಟು ನೆಲಕ್ಕೆ ಕೂರುವುದಿಲ್ಲ. ಅದರ ಮೇಲೆ ನಾಲ್ಕು ಇಂಚು ತರಗೆಲೆ. ಅದು ಬೇಗ ಕುಸಿಯುತ್ತದೆ, ಆಗಾಗ ಮೇಲೆ ಸುರಿಯುತ್ತಿರಬೇಕು.

ಕಳೆ ಏಳುವುದು ಯಾವಾಗಲೂ ಸಂದಿಯಿಂದ. ಹೊಸಬರು ರಟ್ಟುಗಳನ್ನು ಟೈಲ್ಸ್ ಜೋಡಿಸಿದ ಹಾಗೆ ಅಂಚಿಗೆ ಅಂಚು ಇಡುತ್ತಾರೆ. ಒಂದರ ಮೇಲೊಂದು ಅರ್ಧ ಅಡಿ ಬರಲೇಬೇಕು. ಗರಿಕೆಯಂತೂ ದಾರಿಯ ಕಲ್ಲಿನಡಿಯಿಂದಲೇ ನುಗ್ಗುತ್ತದೆ. ಅಲ್ಲಿ ಸಲಿಕೆಯಿಂದ ಒಂದು ಗೇಣು ಆಳಕ್ಕೆ ಕಡಿದು, ಬೇರಿನ ತುಂಡು ಆರಿಸಿ ತೆಗೆದ ಮೇಲೇ ಹಾಸುವುದು.

ಗಿಡದ ಬುಡಕ್ಕೆ ತಾಗಿಸಬೇಡಿ, ತೇವ ನಿಂತು ಕೊಳೆಯುತ್ತದೆ. ಗೋಡೆ, ಮರದ ಬೆಂಚಿನ ಕಾಲಿನಿಂದಲೂ ದೂರ ಇರಲಿ. ರಟ್ಟು ಅಂದರೆ ಗೆದ್ದಲಿಗೆ ಹಬ್ಬದೂಟ.

ಜೇಕು ಅನ್ನುವ ಹುಲ್ಲಿನಂಥ ಗಡ್ಡೆ ಕಳೆ ಮಾತ್ರ ಇದಕ್ಕೆಲ್ಲ ಬಗ್ಗುವ ಜಾತಿಯಲ್ಲ. ಅದರ ಮೊಳಕೆ ಎಷ್ಟು ಚೂಪು ಅಂದರೆ, ನೆನೆದ ರಟ್ಟು ಹಾಗಿರಲಿ, ಕಪ್ಪು ಪ್ಲಾಸ್ಟಿಕ್ ಹಾಳೆಯನ್ನೇ ಚುಚ್ಚಿಕೊಂಡು ಬರುತ್ತದೆ. ಗಡ್ಡೆ ಸಮೇತ ಅಗೆದು ತೆಗೆಯಬೇಕು, ಚಿಗುರಿದಾಗೆಲ್ಲ ಮತ್ತೆ ಅಗೆಯಬೇಕು. ಅದಕ್ಕೇ ಅಸೋಸಿಯೇಷನ್‌ನವರಿಗೆ ಲೆಕ್ಕ ಕೊಡುವಾಗ ಮೊದಲೇ ಹೇಳಿಬಿಡುತ್ತೇನೆ: ಜೇಕು ಇರುವ ಪಾತಿಗೆ ಆಳಿನ ಖರ್ಚು ಬೇರೆ.