ಅನಾನಸ್ ಕೋಳಿ: ಹಣ್ಣು ಕೊನೆಯಲ್ಲೇ ಬೀಳಲಿ

ಕರಾವಳಿಯ ಮದುವೆಯೂಟದಲ್ಲಿ ಅನಾನಸ್ ಮೆಣಸ್ಕಾಯಿ ಉಂಡವರಿಗೆ ಸಿಹಿ, ಹುಳಿ, ಖಾರ ಒಂದೇ ತುತ್ತಿನಲ್ಲಿ ಬರುವ ರುಚಿಯನ್ನು ಹೊಸದಾಗಿ ಹೇಳಬೇಕಿಲ್ಲ. ಮೆಣಸ್ಕಾಯಿ ಅಪ್ಪಟ ಸಸ್ಯಾಹಾರದ ಅಡುಗೆ, ನಿಜ. ಆದರೆ ಹುರಿದ ಎಳ್ಳು, ಬ್ಯಾಡಗಿ ಮೆಣಸು, ಬೆಲ್ಲ ಇರುವ ಆ ಮಸಾಲೆ ಕೋಳಿಗೂ ಅಷ್ಟೇ ಚೆನ್ನಾಗಿ ಹೊಂದುತ್ತದೆ. ನೆನೆಯುವ ಹೊತ್ತು ಬಿಟ್ಟರೆ ಮುಕ್ಕಾಲು ಗಂಟೆಯಲ್ಲಿ ರಾತ್ರಿಯೂಟಕ್ಕೆ ಸಿದ್ಧ.

ಈ ಅಡುಗೆ ಕೆಟ್ಟರೆ ಹೆಚ್ಚಾಗಿ ಒಂದೇ ಕಾರಣ: ಹಸಿ ಅನಾನಸನ್ನೋ ಅದರ ರಸವನ್ನೋ ಮೊದಲೇ ಕೋಳಿಗೆ ಬೆರೆಸಿ ಇಡುವುದು. ಅನಾನಸಿನಲ್ಲಿ ಬ್ರೊಮೆಲೈನ್ ಎಂಬ ಕಿಣ್ವ ಇದೆ. ಅದು ಪ್ರೊಟೀನನ್ನು ಒಡೆಯುತ್ತದೆ. ಹಣ್ಣು ಜಾಸ್ತಿ ತಿಂದಾಗ ನಾಲಿಗೆ ಚುರುಗುಟ್ಟುವುದರಲ್ಲೂ ಇದರ ಕೈವಾಡವಿದೆ. ಕೋಳಿಯ ತುಂಡುಗಳು ಈ ರಸದಲ್ಲಿ ಗಂಟೆಗಟ್ಟಲೆ ಕೂತರೆ ಹೊರಮೈ ಅಂಟಂಟಾಗಿ, ಬೆಂದ ಮೇಲೆ ಮಾಂಸ ಎಳೆಎಳೆಯಾಗಿ ಬಿಡದೆ ಹಿಟ್ಟುಹಿಟ್ಟಾಗುತ್ತದೆ. ‘ಮಾಂಸ ಮೆತ್ತಗಾಗಲಿ’ ಎಂದು ಹಾಕುವವರಿದ್ದಾರೆ. ಕೋಳಿ ಮೊದಲೇ ಮೆತ್ತಗಿನ ಮಾಂಸ, ಅದಕ್ಕೆ ಈ ಸಹಾಯ ಬೇಡವೇ ಬೇಡ. ಸುಮಾರು 70–80 ಡಿಗ್ರಿ ಸೆಲ್ಸಿಯಸ್ ಶಾಖ ತಾಗಿದರೆ ಕಿಣ್ವ ಕೆಲಸ ನಿಲ್ಲಿಸುತ್ತದೆ. ಆದ್ದರಿಂದ ಹಣ್ಣನ್ನು ಬೇರೆಯಾಗಿ ಬಾಡಿಸಿ ಕೊನೆಯಲ್ಲಿ ಸೇರಿಸಿದರೆ ಯಾವ ತೊಂದರೆಯೂ ಇಲ್ಲ. ಡಬ್ಬಿಯ ಅನಾನಸ್ ತಯಾರಿಕೆಯಲ್ಲೇ ಬಿಸಿಯಾಗಿರುವುದರಿಂದ ಅದರಲ್ಲಿ ಈ ಭಯವಿಲ್ಲ. ಒಳ್ಳೆಯ ತಾಜಾ ಹಣ್ಣು ಸಿಗದ ಊರಿನಲ್ಲಿರುವವರು ಅದನ್ನೇ ಬಳಸಬಹುದು. ಪಾಕವನ್ನು ಪೂರ್ತಿ ಬಸಿದು, ಬೆಲ್ಲವನ್ನು ಅರ್ಧಕ್ಕೆ ಇಳಿಸಿ.

ತಾಜಾ ಹಣ್ಣು ಕೊಳ್ಳುವಾಗ ಬುಡವನ್ನು ಮೂಸಿ ನೋಡಿ. ಪರಿಮಳ ಬರಬೇಕು, ಹೆಂಡದ ವಾಸನೆ ಬರಬಾರದು. ಕಿತ್ತ ಮೇಲೆ ಅನಾನಸಿನ ಬಣ್ಣ ತಿರುಗುತ್ತದೆ, ಮೆತ್ತಗೂ ಆಗುತ್ತದೆ, ಆದರೆ ಸಿಹಿ ಏರುವುದಿಲ್ಲ: ಸಕ್ಕರೆಯಾಗಿ ಮಾರ್ಪಡಲು ಅದರಲ್ಲಿ ಪಿಷ್ಟದ ದಾಸ್ತಾನು ಇರುವುದಿಲ್ಲ. ‘ಎರಡು ದಿನ ಇಟ್ಟರೆ ಸಿಹಿಯಾಗುತ್ತದೆ’ ಎಂಬ ಮಾತನ್ನು ನಂಬಿ ಹಸಿರು ಕಾಯಿ ತರಬೇಡಿ. ಬನವಾಸಿ, ಶಿರಸಿ, ಸಾಗರದ ಕಡೆ ಬೆಳೆಯುವ ದೊಡ್ಡ ಕ್ಯೂ ಜಾತಿಯ ಹಣ್ಣು ರಸಭರಿತ. ಕೇರಳದಿಂದ ಬರುವ ಸಣ್ಣ ಮಾರಿಷಸ್ ಜಾತಿಯದು ಗಟ್ಟಿ, ಬಾಣಲೆಯಲ್ಲಿ ಆಕಾರ ಬಿಡುವುದಿಲ್ಲ. ಈ ಅಡುಗೆಗೆ ನನ್ನ ಆಯ್ಕೆ ಎರಡನೆಯದು.

ನಾಲ್ಕು ಜನಕ್ಕೆ ಅರ್ಧ ಕೆಜಿ ಬೋನ್‌ಲೆಸ್ ಕೋಳಿ ಸಾಕು. ತೊಡೆಯ ಭಾಗವನ್ನೇ ಕೇಳಿ ತನ್ನಿ; ಎದೆಯ ಭಾಗ ಎರಡು ನಿಮಿಷ ಹೆಚ್ಚು ಬೆಂದರೂ ಒಣಗುತ್ತದೆ. 3 ಸೆಂಟಿಮೀಟರ್ ತುಂಡು ಮಾಡಿ, 1 ಟೀ ಚಮಚ ಉಪ್ಪು, ಕಾಲು ಚಮಚ ಅರಿಶಿನ, 1 ದೊಡ್ಡ ಚಮಚ ಶುಂಠಿ-ಬೆಳ್ಳುಳ್ಳಿ ಪೇಸ್ಟ್, ಅರ್ಧ ಚಮಚ ಕಾಳುಮೆಣಸಿನ ಪುಡಿ ಸವರಿ ಅರ್ಧ ಗಂಟೆ ಬಿಡಿ. ಮೊಸರು, ನಿಂಬೆರಸ ಬೇಡ. ಹುಳಿ ಆಮೇಲೆ ಬರುತ್ತದೆ, ನೀರು ಈಗ ಬೇಡ.

ಅಷ್ಟರಲ್ಲಿ ಮಸಾಲೆ. 6 ಬ್ಯಾಡಗಿ ಮೆಣಸಿನಕಾಯಿ, 1 ದೊಡ್ಡ ಚಮಚ ಕೊತ್ತಂಬರಿ ಬೀಜ, 1 ಟೀ ಚಮಚ ಉದ್ದಿನಬೇಳೆ, ಏಳೆಂಟು ಕಾಳು ಮೆಂತ್ಯ ಸಣ್ಣ ಉರಿಯಲ್ಲಿ ಹುರಿಯಿರಿ. 2 ಟೀ ಚಮಚ ಬಿಳಿ ಎಳ್ಳನ್ನು ಕೊನೆಗೆ ಹಾಕಿ, ಚಟಪಟ ಅಂದ ಕೂಡಲೇ ಇಳಿಸಿ ತಣಿಸಿ ಪುಡಿ ಮಾಡಿ. ಮೆಂತ್ಯ ಕಪ್ಪಾದರೆ ಇಡೀ ಸಾರಿಗೇ ಕಹಿ. ಆ ಕಹಿಯನ್ನು ಎಷ್ಟು ಬೆಲ್ಲ ಹಾಕಿದರೂ ಮುಚ್ಚಲಾಗುವುದಿಲ್ಲ, ಹಾಗಾದರೆ ಎಸೆದು ಮತ್ತೆ ಹುರಿಯುವುದೇ ಸರಿ. ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣನ್ನು ಕಾಲು ಕಪ್ ಬಿಸಿನೀರಿನಲ್ಲಿ ನೆನೆಹಾಕಿ. ಅನಾನಸಿನ ಸಿಪ್ಪೆ, ಕಣ್ಣು, ನಡುವಿನ ದಿಂಡು ತೆಗೆದು 250 ಗ್ರಾಂ ಹೋಳು ಮಾಡಿ, ತೀರಾ ಸಣ್ಣಗೆ ಬೇಡ.

ಬಾಣಲೆ ಅಗಲವಾಗಿರಲಿ, ದಪ್ಪ ತಳದ ಸ್ಟೀಲಿನದಾದರೆ ಉತ್ತಮ. ಬರಿ ಕಬ್ಬಿಣದ ಬಾಣಲೆಯಲ್ಲಿ ಹುಣಸೆ, ಅನಾನಸ್ ಕುದಿದರೆ ಗ್ರೇವಿ ಕಪ್ಪಾಗಿ ಕಬ್ಬಿಣದ ವಾಸನೆ ಹಿಡಿಯುತ್ತದೆ. 2 ದೊಡ್ಡ ಚಮಚ ಎಣ್ಣೆ ಚೆನ್ನಾಗಿ ಕಾದ ಮೇಲೆ ಕೋಳಿಯನ್ನು ಎರಡು ಸಲವಾಗಿ ಹಾಕಿ. ಒಂದೇ ಸಲ ಸುರಿದರೆ ಬಾಣಲೆ ತಣ್ಣಗಾಗಿ ಮಾಂಸ ನೀರು ಬಿಡುತ್ತದೆ, ಹುರಿಯುವ ಬದಲು ಬೇಯುತ್ತದೆ, ಕೆಂಪು ಬಣ್ಣವೂ ಬರುವುದಿಲ್ಲ. ಒಂದೊಂದು ಬದಿ ಎರಡು-ಮೂರು ನಿಮಿಷ, ಸೌಟಾಡಿಸದೆ. ಒಳಗೆ ಪೂರ್ತಿ ಬೆಂದಿರಬೇಕಿಲ್ಲ. ತಟ್ಟೆಗೆ ತೆಗೆಯಿರಿ.

ಅದೇ ಬಾಣಲೆಗೆ, ದೊಡ್ಡ ಉರಿಯಲ್ಲಿ, ಅನಾನಸ್. ಇಲ್ಲಿ ಅವಸರ ಮಾಡಬೇಡಿ. ಮೊದಲು ರಸ ಬಿಡುತ್ತದೆ, ಆ ರಸ ಇಂಗಿದ ಮೇಲೆಯೇ ಅಂಚು ಕೆಂಪಾಗತೊಡಗುವುದು. ನಾಲ್ಕೈದು ನಿಮಿಷ ಹಿಡಿಯುತ್ತದೆ. ಈ ಕೆಂಪಿನಲ್ಲೇ ಅಡುಗೆಯ ಅರ್ಧ ರುಚಿ ಇದೆ. ಇದಿಲ್ಲದೆ ಹಣ್ಣು ಗ್ರೇವಿಯಲ್ಲಿ ಸಪ್ಪೆಯಾಗಿ ತೇಲುತ್ತದೆ. ಹೋಳುಗಳನ್ನು ಬೇರೆ ಬಟ್ಟಲಿಗೆ ತೆಗೆದಿಡಿ.

ಇನ್ನೊಂದು ಚಮಚ ಎಣ್ಣೆ, ಸಾಸಿವೆ, ಕರಿಬೇವು, ದಪ್ಪಗೆ ಸೀಳಿದ ಒಂದು ದೊಡ್ಡ ಈರುಳ್ಳಿ. ಈರುಳ್ಳಿ ಬಾಡಿದಾಗ ಉರಿ ಸಣ್ಣ ಮಾಡಿ ಮಸಾಲೆ ಪುಡಿ ಹಾಕಿ ಅರ್ಧ ನಿಮಿಷ ಕೈಯಾಡಿಸಿ. ಹುಣಸೆರಸ, ಅರ್ಧ ಕಪ್ ನೀರು, 1 ದೊಡ್ಡ ಚಮಚ ಬೆಲ್ಲದ ಪುಡಿ ಸೇರಿಸಿ, ತಳಕ್ಕೆ ಹತ್ತಿದ್ದನ್ನು ಕೆರೆದು ಬಿಡಿಸಿ, ಹುಣಸೆಯ ಹಸಿ ವಾಸನೆ ಹೋಗುವವರೆಗೆ ಕುದಿಸಿ. ಕೋಳಿಯನ್ನು ತಟ್ಟೆಯಲ್ಲಿ ಇಳಿದ ರಸದ ಸಮೇತ ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ ಆರೇಳು ನಿಮಿಷ. ದೊಡ್ಡ ತುಂಡೊಂದನ್ನು ಮುರಿದು ನೋಡಿ: ಒಳಗೆ ಗುಲಾಬಿ ಬಣ್ಣ ಉಳಿದಿರಬಾರದು. ಥರ್ಮಾಮೀಟರ್ ಇದ್ದರೆ ತುಂಡಿನ ನಡುವೆ 74 ಡಿಗ್ರಿ ದಾಟಿರಬೇಕು. ಆಮೇಲೆ ಅನಾನಸ್ ಹಾಕಿ ಎರಡೇ ನಿಮಿಷ ಬಿಸಿ ಮಾಡಿ.

ರುಚಿ ನೋಡುವುದೂ ಆಗಲೇ, ಹಣ್ಣು ಬಿದ್ದ ಮೇಲೆ. ಸಿಹಿ ಮುಂದಾಗಿದ್ದರೆ ಕೂಡಲೇ ಹುಳಿ ಸುರಿಯಬೇಡಿ. ಎರಡು ಚಿಟಿಕೆ ಉಪ್ಪು ಹಾಕಿ ಕಲಕಿ ಮತ್ತೆ ನೋಡಿ. ಬಹಳ ಸಲ ಕಡಿಮೆಯಾಗಿದ್ದದ್ದು ಉಪ್ಪೇ. ಹುಳಿ ಹೆಚ್ಚಾಗಿದ್ದರೆ ಬೆಲ್ಲ. ಗ್ರೇವಿ ನೀರಾಗಿದ್ದರೆ ಕಾರ್ನ್‌ಫ್ಲೋರ್ ಬೇಡ, ಇನ್ನೊಂದು ಚಮಚ ಹುರಿದ ಎಳ್ಳಿನ ಪುಡಿ ಸಾಕು, ರುಚಿಯೂ ಕೂಡುತ್ತದೆ.

ಬಿಸಿ ಅನ್ನಕ್ಕೂ ನೀರುದೋಸೆಗೂ ಸೊಗಸು. ಉಳಿದದ್ದನ್ನು ಫ್ರಿಜ್‌ನಲ್ಲಿಟ್ಟು ಮರುದಿನ ಕುದಿ ಬರುವಂತೆ ಬಿಸಿ ಮಾಡಿ. ಅಲಂಕಾರಕ್ಕೆಂದು ಹಸಿ ಅನಾನಸ್ ಮೇಲೆ ಹಾಕಿದ್ದರೆ, ಎತ್ತಿಡುವ ಮುಂಚೆ ಅದನ್ನು ತೆಗೆದುಬಿಡಿ; ಇಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ತಾಗಿದ ಮಾಂಸವನ್ನು ಅದು ಕರಗಿಸತೊಡಗುತ್ತದೆ.