ಇಪ್ಪತ್ತೈದು ಸೆಂಟ್ಸ್ ಜಾಗ ಮತ್ತು ಮುಂದಿನ ವರ್ಷದ ಬಜೆಟ್

ಮಂಗಳೂರು, 21 ಜನವರಿ 2024, ಭಾನುವಾರ

ಪಾಲಿಕೆಯ ಬಜೆಟ್ ಸಭೆಗೆ ಮುಂಚೆ, ಕಾರ್ಪೊರೇಟರ್ ಆಗಿ, ನನ್ನ ವಾರ್ಡಿನ ಬೇಡಿಕೆಗಳನ್ನು ಬರೆದು ಕೊಡಬೇಕಾಗಿರುವುದರಿಂದ ಇವತ್ತಿನ ಹೆಚ್ಚಿನ ಹೊತ್ತು ಅದಕ್ಕೇ ಹೋಯಿತು. ದಾರಿದೀಪ, ಚರಂಡಿ, ಕುಸಿಯುತ್ತಿರುವ ತಡೆಗೋಡೆ ಮುಂತಾದವುಗಳ ಪಟ್ಟಿ ಬೇಗ ಮುಗಿಯಿತು, ಏಕೆಂದರೆ ಅವುಗಳ ವಿಷಯದಲ್ಲಿ ವಾರ್ಡಿನೊಳಗೆ ಯಾರ ತಕರಾರೂ ಇಲ್ಲ. ತಕರಾರಿರುವುದು ಪೇಟೆಯ ಹಿಂಬದಿಯಲ್ಲಿ ಪಾಲಿಕೆಯ ಹೆಸರಿನಲ್ಲೇ ಇರುವ, ಈಗ ಪೊದೆ ಬೆಳೆದು ಬಿದ್ದಿರುವ ಇಪ್ಪತ್ತೈದು ಸೆಂಟ್ಸ್ ಜಾಗದ ಬಗ್ಗೆ. ವ್ಯಾಪಾರಿಗಳು ಅಲ್ಲಿ ಪೇ ಪಾರ್ಕಿಂಗ್ ಬೇಕೆಂದು ಸಹಿ ಹಾಕಿದ ಮನವಿ ಕೊಟ್ಟಿದ್ದಾರೆ. ನಮ್ಮ ವಾರ್ಡಿನಲ್ಲಿ ಗುಡಿಸುವ ಪೌರಕಾರ್ಮಿಕರು ಅದೇ ಜಾಗದಲ್ಲಿ ತಮಗೆ ಮನೆ ಕಟ್ಟಿಸಿಕೊಡಬೇಕೆಂದು ಕೇಳುತ್ತಿದ್ದಾರೆ.

ವ್ಯಾಪಾರಿಗಳ ಮಾತನ್ನು ಹಗುರವಾಗಿ ಕಾಣಲು ನನಗೆ ಸಾಧ್ಯವಿಲ್ಲ. "ಮೇಡಂ, ಕಾರು ಇಡ್ಲಿಕ್ಕೆ ಜಾಗ ಇಲ್ಲದಿದ್ರೆ ಗಿರಾಕಿಗಳು ಸೀದಾ ಮಾಲಿಗೆ ಹೋಗ್ತಾರೆ, ನಾವು ಎಂತ ಮಾಡುದು?" ಎಂದು ಜವಳಿ ಅಂಗಡಿಯ ಹಿರಿಯರೊಬ್ಬರು ಕೇಳಿದಾಗ ಅವರ ದನಿಯಲ್ಲಿ ಸಿಟ್ಟಿಗಿಂತ ಆತಂಕವೇ ಹೆಚ್ಚಿತ್ತು. ಬಂಟ್ವಾಳ, ಮೂಡಬಿದಿರೆ, ಕಾಸರಗೋಡಿನ ಕಡೆಯಿಂದ ವೈದ್ಯರನ್ನು ಕಾಣಲು ವಯಸ್ಸಾದವರನ್ನು ಕರೆತರುವವರಿಗೆ ಕಾರು ಆಡಂಬರವಲ್ಲ, ಅಗತ್ಯ. ಹಾಗೆ ಬಂದವರು ಜಾಗ ಹುಡುಕುತ್ತ ಬೀದಿಯನ್ನು ಸುತ್ತಿ ಸುತ್ತಿ, ಕೊನೆಗೆ ಯಾರದೋ ಗೇಟಿನ ಎದುರು ನಿಲ್ಲಿಸಿ ಹೋಗುತ್ತಾರೆ. ಆ ಮನೆಯವರು ನನಗೆ ಫೋನ್ ಮಾಡುತ್ತಾರೆ. ನಿಲುಗಡೆ ನಿಷೇಧದ ಅಧಿಸೂಚನೆ ಪೊಲೀಸರ ಕೈಯಲ್ಲಿದೆ, ಶುಲ್ಕ ವಸೂಲಿಯ ಟೆಂಡರ್ ಪಾಲಿಕೆಯ ಕೈಯಲ್ಲಿದೆ, ಬಸ್ಸುಗಳು ಬಹುಪಾಲು ಖಾಸಗಿಯವರ ಕೈಯಲ್ಲಿವೆ. ಹೀಗಿರುವಾಗ ಒಬ್ಬ ಕಾರ್ಪೊರೇಟರ್ ಒಬ್ಬಳೇ ನಿಂತು ಬಗೆಹರಿಸಬಹುದಾದ ಸಮಸ್ಯೆ ಇದಲ್ಲ ಎಂಬುದನ್ನು ಅವರಿಗೆ ವಿವರಿಸಿದೆ.

ಆದರೂ ಮನವಿಯನ್ನು ಪಕ್ಕಕ್ಕಿಟ್ಟು ಲೆಕ್ಕ ಹಾಕಿ ನೋಡಿದೆ. ಒಂದು ಸೆಂಟ್ಸ್ ಎಂದರೆ ಸುಮಾರು 40.47 ಚದರ ಮೀಟರ್, ಹಾಗಾಗಿ ಇಪ್ಪತ್ತೈದು ಸೆಂಟ್ಸ್ ಸಾವಿರ ಚದರ ಮೀಟರಿಗೆ ಸ್ವಲ್ಪ ಮೇಲೆ. ನಗರ ಯೋಜನೆಯವರು ಸಾಮಾನ್ಯವಾಗಿ ಬಳಸುವ ಲೆಕ್ಕದಂತೆ, ಒಳಗೆ ಬಂದು ತಿರುಗಿ ಹೋಗುವ ದಾರಿಯೂ ಸೇರಿ, ತೆರೆದ ಜಾಗದಲ್ಲಿ ಒಂದು ಕಾರಿಗೆ 23 ಚದರ ಮೀಟರ್ ಬೇಕು, ನೆಲಮಾಳಿಗೆಯಲ್ಲಾದರೆ 32. ಅಂದರೆ ಈ ಜಾಗವನ್ನು ಪೂರ್ತಿ ಸಮತಟ್ಟು ಮಾಡಿ ಇಂಟರ್‌ಲಾಕ್ ಹಾಸಿದರೂ ನಲವತ್ತನಾಲ್ಕು ಕಾರುಗಳಿಗಿಂತ ಹೆಚ್ಚು ನಿಲ್ಲುವುದಿಲ್ಲ. ಇನ್ನು ಮನೆಯ ಲೆಕ್ಕ. ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಆರ್ಥಿಕವಾಗಿ ದುರ್ಬಲ ವರ್ಗದ ಮನೆಯ ಕಾರ್ಪೆಟ್ ವಿಸ್ತೀರ್ಣ, ಅಂದರೆ ಗೋಡೆಗಳನ್ನು ಬಿಟ್ಟು ಒಳಗೆ ಬಳಸಲು ಸಿಗುವ ನೆಲ, 30 ಚದರ ಮೀಟರ್‌ವರೆಗೆ. ಅರ್ಧ ಜಾಗವನ್ನು ಗಾಳಿ, ಬೆಳಕು, ಬಾವಿ, ಮಳೆನೀರು ಇಂಗುವ ನೆಲಕ್ಕೆ ಬಿಟ್ಟು, ಉಳಿದರ್ಧದಲ್ಲಿ ನೆಲ ಅಂತಸ್ತು ಮತ್ತು ಅದರ ಮೇಲೆ ಮೂರು ಮಹಡಿ ಕಟ್ಟಿದರೆ, ಮೆಟ್ಟಿಲು ಮೊಗಸಾಲೆಗಳನ್ನು ಕಳೆದ ಮೇಲೂ ಒಂದೊಂದು ಅಂತಸ್ತಿಗೆ ಹನ್ನೆರಡರಂತೆ ನಲವತ್ತೆಂಟು ಮನೆಗಳಾಗುತ್ತವೆ. ನೆಲಮಾಳಿಗೆಯಲ್ಲಿ ಒಂದು ಕಾರಿಗೆ ಬೇಕಾಗುವ ಜಾಗ ಸರಕಾರ ಒಂದು ಬಡ ಕುಟುಂಬಕ್ಕೆ ಲೆಕ್ಕ ಹಾಕಿದ ಜಾಗಕ್ಕಿಂತ ದೊಡ್ಡದು ಎಂಬುದನ್ನು ಕಂಡ ಮೇಲೆ ನನ್ನ ಮಟ್ಟಿಗೆ ಈ ಜಾಗದ ಪ್ರಶ್ನೆ ತೀರ್ಮಾನವಾಯಿತು. ಕಾರಿಗೆ ಬೇರೆ ದಾರಿಗಳಿವೆ. ಪೇಟೆಯ ನಡುವೆ ಬಡವರ ಮನೆಗೆ ಬೇರೆ ಜಾಗ ಇಲ್ಲ.

ಬೇರೆ ದಾರಿ ಎಂದದ್ದು ಸುಮ್ಮನೆ ಬಾಯಿಮಾತಿಗಲ್ಲ. ನಮ್ಮ ವಾರ್ಡಿನ ವಾಣಿಜ್ಯ ಕಟ್ಟಡಗಳ ಮಂಜೂರಾದ ನಕ್ಷೆಗಳಲ್ಲಿ ನೆಲಮಾಳಿಗೆ ಎಂದರೆ ವಾಹನ ನಿಲುಗಡೆ ಎಂದೇ ಬರೆದಿದೆ, ಆದರೆ ಇಳಿದು ನೋಡಿದರೆ ಒಂದರಲ್ಲಿ ಗೋದಾಮು, ಇನ್ನೊಂದರಲ್ಲಿ ಜೆರಾಕ್ಸ್ ಅಂಗಡಿ, ಮತ್ತೊಂದರಲ್ಲಿ ಹೋಟೆಲಿನ ಅಡುಗೆಮನೆ. ಪರವಾನಗಿ ಪಡೆಯುವಾಗ ತೋರಿಸಿದ ನಿಲುಗಡೆಯನ್ನು ಬಿಡಿಸಿಕೊಂಡರೆ ಸಾರ್ವಜನಿಕ ಜಾಗದ ಒಂದು ಸೆಂಟ್ಸ್ ಕೂಡ ಬಳಸದೆ ಬೀದಿಯ ಒತ್ತಡ ಎಷ್ಟೋ ಇಳಿಯುತ್ತದೆ. ಮನವಿಗೆ ಸಹಿ ಹಾಕಿದವರಲ್ಲಿ ಕೆಲವರ ಕಟ್ಟಡಗಳೂ ಇದರಲ್ಲಿ ಸೇರಿವೆ. ಅದನ್ನು ಅವರ ಎದುರೇ ಹೇಳುವುದು ಪ್ರಾಮಾಣಿಕತೆ ಎಂದು ಭಾವಿಸಿ ಹೇಳಿದ್ದೇನೆ.

ರಸ್ತೆ ಅಗಲೀಕರಣದ ವಿಚಾರವೂ ಇದಕ್ಕೇ ಅಂಟಿಕೊಂಡಿದೆ. ಈ ಊರಿನಲ್ಲಿ ಎಷ್ಟೋ ಕುಟುಂಬಗಳು ಕೆಂಪುಕಲ್ಲಿನ ಪಾಗಾರ, ಅಂಗಳದ ತೆಂಗು, ಕೆಲವೊಮ್ಮೆ ಬಾವಿಯನ್ನೂ ರಸ್ತೆಗೆ ಬಿಟ್ಟುಕೊಟ್ಟಿವೆ. ಪ್ರತಿಯಾಗಿ ಸಿಕ್ಕಿದ್ದು ಹಣವಲ್ಲ, 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಬಿ ಪ್ರಕಾರದ ಟಿಡಿಆರ್, ಅಂದರೆ ಬಿಟ್ಟುಕೊಟ್ಟ ನೆಲಕ್ಕೆ ಬದಲಾಗಿ ಹೆಚ್ಚುವರಿಯಾಗಿ ಕಟ್ಟಲು ಸಿಗುವ, ಇನ್ನೊಬ್ಬರಿಗೆ ಮಾರಲೂಬಹುದಾದ ಹಕ್ಕು. ಆ ಹಕ್ಕನ್ನು ಕೊಂಡ ಬಿಲ್ಡರು ಇನ್ನೊಂದೆಡೆ ಹೆಚ್ಚುವರಿ ಮಹಡಿ ಏರಿಸುತ್ತಾರೆ, ಅಲ್ಲಿಗೆ ಹೆಚ್ಚುವರಿ ಕಾರುಗಳು ಬರುತ್ತವೆ, ಅವು ಅಗಲವಾದ ರಸ್ತೆಯ ಅಂಚಿನಲ್ಲೇ ಬಂದು ನಿಲ್ಲುತ್ತವೆ. ನಡೆದು ಹೋಗುವವರಿಗೆಂದು, ವಾಹನ ಸಂಚಾರಕ್ಕೆಂದು ಜನ ಬಿಟ್ಟುಕೊಟ್ಟ ನೆಲ ಕೆಲವರ ಖಾಯಂ ಗ್ಯಾರೇಜಾಗುವುದನ್ನು ನೋಡುವಾಗ, ಅದನ್ನು ಬಿಟ್ಟುಕೊಟ್ಟವರ ಮುಖ ನೋಡಲು ಸಂಕೋಚವಾಗುತ್ತದೆ. ರಸ್ತೆ ಬದಿಯ ನಿಲುಗಡೆಗೆ ಗಂಟೆಯ ಲೆಕ್ಕದಲ್ಲಿ ಶುಲ್ಕ ಇರಬೇಕು, ಆ ಹಣ ಸಾಮಾನ್ಯ ನಿಧಿಯಲ್ಲಿ ಕರಗಿಹೋಗದೆ ಅದೇ ಬೀದಿಯ ಫುಟ್‌ಪಾತಿಗೆ ಹಾಗೂ ಬಸ್ ತಂಗುದಾಣಕ್ಕೆ ಖರ್ಚಾಗಬೇಕು ಎಂದು ಬರೆದಿದ್ದೇನೆ. ಅಂಗಡಿಗೆ ಬಂದು ಅರ್ಧ ಗಂಟೆಯಲ್ಲಿ ಹೋಗುವವರಿಗೆ ಶುಲ್ಕ ಬೇಡ. ಬೆಳಿಗ್ಗೆ ಇಟ್ಟು ಸಂಜೆ ತೆಗೆಯುವವರಿಗೆ ಅದು ಭಾರವೇ ಆಗಬೇಕು.

ಹಣದ ವಿಷಯಕ್ಕೆ ಬಂದರೆ, ಬಜೆಟ್ ಪುಸ್ತಕದ ಮೊತ್ತ ನೋಡಿ ಜನ ಅಂದುಕೊಳ್ಳುವಷ್ಟು ಸ್ವಾತಂತ್ರ್ಯ ಸದಸ್ಯರಿಗೆ ಇಲ್ಲ. ಹದಿನೈದನೇ ಹಣಕಾಸು ಆಯೋಗದ ಅನುದಾನದಲ್ಲಿ ನಮ್ಮಂತಹ ನಗರಗಳಿಗೆ ಶೇ 60 ಭಾಗ ಕುಡಿಯುವ ನೀರು, ನೈರ್ಮಲ್ಯ ಮತ್ತು ತ್ಯಾಜ್ಯ ನಿರ್ವಹಣೆಗೇ ಮೀಸಲು. ಆಸ್ತಿ ತೆರಿಗೆಯ ಜೊತೆ ವಸೂಲಾಗುವ ಶೇ 6 ಗ್ರಂಥಾಲಯ ಉಪಕರ, ಶೇ 3 ಭಿಕ್ಷುಕರ ಉಪಕರ ನಮ್ಮ ಕೈಗೆ ಬಂದರೂ ನಮ್ಮದಲ್ಲ. ನೇತ್ರಾವತಿಯ ನೀರನ್ನು ತುಂಬೆಯಿಂದ ಎತ್ತಿ ತರುವ ಪಂಪುಗಳ ವಿದ್ಯುತ್ ಬಿಲ್ಲು, ಸಂಬಳ, ಕಸದ ವಾಹನಗಳು, ಮಳೆಗಾಲಕ್ಕೆ ಮುಂಚೆ ರಾಜಕಾಲುವೆಗಳ ಹೂಳೆತ್ತುವಿಕೆ ಎಲ್ಲ ಕಳೆದ ಮೇಲೆ ಉಳಿಯುವುದನ್ನು ಅರುವತ್ತು ವಾರ್ಡುಗಳು ಹಂಚಿಕೊಳ್ಳಬೇಕು.

ಆದರೆ ಮನೆಗಳಿಗೆ ಹಣ ಹುಡುಕಲು ಈ ಉಳಿಕೆಗೆ ಕೈ ಹಾಕಬೇಕಾಗಿಲ್ಲ. ಪಾಲಿಕೆಯ ಸ್ವಂತ ನಿಧಿಯಲ್ಲಿ ಶೇ 24.10 ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ ಎಂದು ಎತ್ತಿಡಲೇಬೇಕು. ರಾಜ್ಯದ ಅನೇಕ ಊರುಗಳಲ್ಲಿ ಈ ಹಣ ಕಾಲೊನಿಯ ಕಾಂಕ್ರೀಟ್ ರಸ್ತೆಯಾಗಿಯೋ ಸಮುದಾಯ ಭವನದ ಸುಣ್ಣಬಣ್ಣವಾಗಿಯೋ ಮುಗಿದುಹೋಗುತ್ತದೆ, ಮನೆಯಾಗುವುದು ಅಪರೂಪ. ನಮ್ಮ ಪೌರಕಾರ್ಮಿಕರಲ್ಲಿ ಹೆಚ್ಚಿನವರು ಪರಿಶಿಷ್ಟ ಜಾತಿಯವರು. ಕೇಂದ್ರದ ಯೋಜನೆಯಲ್ಲಿ ಮನೆಯೊಂದಕ್ಕೆ ಸಿಗುವ 1.5 ಲಕ್ಷ ರೂಪಾಯಿ ಸಹಾಯಧನ, ರಾಜ್ಯದ ಪಾಲು, ಅದರ ಮೇಲೆ ಈ ಶೇ 24.10ರ ನಿಧಿಯಿಂದ ಎರಡು ವರ್ಷಗಳ ಕಾಲ ಎತ್ತಿಟ್ಟ ಮೊತ್ತ ಸೇರಿದರೆ ಈ ಜಾಗದ ಕಟ್ಟಡ ಆಗದ ಮಾತಲ್ಲ. ಜಾಗ ನಮ್ಮದೇ ಆಗಿರುವುದು ಇದರ ದೊಡ್ಡ ಬಲ.

1897ರಲ್ಲಿ ಇದೇ ಊರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ, ದಲಿತರಿಗೆ ಶಾಲೆಯೂ ಬೇಕು, ಕಾಲೂರಲು ನೆಲವೂ ಬೇಕು ಎಂದು ದುಡಿದ ಕುದ್ಮುಲ್ ರಂಗರಾಯರ ಹೆಸರನ್ನು ಪುರಭವನಕ್ಕೆ ಇಟ್ಟಿದ್ದೇವೆ. ಅವರ ಕೆಲಸವನ್ನು ಮುಂದುವರಿಸುವ ಅವಕಾಶ ಬಜೆಟ್‌ನ ಒಂದು ಸಾಲಿನ ರೂಪದಲ್ಲಿ ಎದುರಿಗೆ ಬಂದಾಗ ಅದನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ಮಧ್ಯಾಹ್ನ ಪೌರಕಾರ್ಮಿಕ ಮಹಿಳೆಯೊಬ್ಬರು ಬಂದಿದ್ದರು. ಅವರ ಬಾಡಿಗೆ ಮನೆ ವಾಮಂಜೂರಿನ ಆಚೆಗೆ. "ಅಕ್ಕ, ಬೆಳಿಗ್ಗೆ ಹಾಜರಿಗೆ ಮುಟ್ಟಬೇಕಾದ್ರೆ ಕತ್ತಲಲ್ಲೇ ಹೊರಡಬೇಕು. ಮಕ್ಕಳನ್ನು ಎಬ್ಬಿಸುವವರು ಯಾರಿಲ್ಲ" ಎಂದರು. ಪೇಟೆಯನ್ನು ಬೆಳಗಾಗುವುದರೊಳಗೆ ಗುಡಿಸಿ ಇಡುವವರು ಪೇಟೆಯಲ್ಲಿ ಬಾಡಿಗೆ ಕೊಟ್ಟು ಇರಲಾರರು ಎಂಬ ಸ್ಥಿತಿಯನ್ನು ನಾವು ಸಹಜವೆಂದು ಒಪ್ಪಿಕೊಂಡಿದ್ದೇವೆ. ನಾನು ಒಪ್ಪುವುದಿಲ್ಲ. ಮನೆಗಳನ್ನು ಮಾರಾಟಕ್ಕೆ ಕೊಡದೆ ಪಾಲಿಕೆಯ ಒಡೆತನದಲ್ಲೇ ಇಟ್ಟು, ಕೆಲಸದಲ್ಲಿರುವಷ್ಟು ಕಾಲ ಕಡಿಮೆ ಬಾಡಿಗೆಗೆ ಕೊಡಬೇಕು. ನಿವೃತ್ತಿಯ ನಂತರದ ವ್ಯವಸ್ಥೆಯನ್ನೂ ಮೊದಲೇ ಬರೆದಿಡಬೇಕು, ಇಲ್ಲವಾದರೆ ಅರುವತ್ತನೆಯ ವಯಸ್ಸಿನಲ್ಲಿ ಅವರನ್ನು ಬೀದಿಗೆ ತಂದಂತಾಗುತ್ತದೆ.

ಟಿಪ್ಪಣಿಯನ್ನು ನಾಳೆ ಲಾಲ್‌ಬಾಗಿನಲ್ಲಿರುವ ಪಾಲಿಕೆಯ ಕಚೇರಿಗೆ ಕೊಟ್ಟು, ಜಾಗದ ಸರ್ವೆ ನಕ್ಷೆಗೂ, ನೆಲಮಾಳಿಗೆಗಳ ತಪಾಸಣೆಗೂ ಲಿಖಿತವಾಗಿ ಕೇಳುತ್ತೇನೆ. ನಗರ ಯೋಜನಾ ಸ್ಥಾಯಿ ಸಮಿತಿಯ ಸದಸ್ಯರೊಡನೆ ಸಭೆಗೆ ಮುಂಚೆಯೇ ಮಾತಾಡಬೇಕು, ಇತರ ವಾರ್ಡುಗಳ ಬೆಂಬಲ ಇಲ್ಲದೆ ಇದು ಮುಂದೆ ಹೋಗುವುದಿಲ್ಲ. ಜವಳಿ ಅಂಗಡಿಯ ಹಿರಿಯರಿಗೂ ನಾನೇ ಹೋಗಿ, ಆ ಜಾಗ ಪಾರ್ಕಿಂಗಿಗೆ ಸಿಗುವುದಿಲ್ಲವೆಂದೂ, ಅವರ ಕಟ್ಟಡದ ನೆಲಮಾಳಿಗೆಯನ್ನು ಅವರೇ ಮೊದಲು ತೆರವುಗೊಳಿಸಿದರೆ ಉಳಿದವರನ್ನು ಕೇಳಲು ನನಗೆ ಬಲ ಬರುತ್ತದೆಂದೂ ಹೇಳಿ ಬರುತ್ತೇನೆ.